ಸಾವಕಾರರ ಮೋಟಾರಿಗೆ ಸಿಡುಬು ಬಂದದ್ದು

ಮೊಣಕಾಲಿಗೆ ಔಡಲೆಣ್ಣೆ ತಿಕ್ಕಿಕೊಂಡ ಕೈಯಲ್ಲೇ ಫೋನು ಹಿಡಿದೆ. ‘ಅ’ ಒತ್ತಿದರೆ ‘ಳ’ ಬಂತು. ಮತ್ತೆ ಒತ್ತಿದೆ, ಏನೂ ಬರಲಿಲ್ಲ. ಸಿಟ್ಟಿನಿಂದ ಒತ್ತಿದೆ, ಯಾರಿಗೋ ಕರೆಯೇ ಹೋಗಿಬಿಟ್ಟಿತು. ಅತ್ತಲಿಂದ ಒಬ್ಬ ಗಂಡಸು “ಯಾರ್ರಿ?” ಎಂದ. “ನೀವು ಯಾರ್ರಿ?” ಎಂದು ನಾನೇ ಗದರಿಸಿ ಇಟ್ಟೆ. ಟೈಪು ಮಾಡುವುದು ಕಲಿತು ತಿಂಗಳು ತುಂಬಿಲ್ಲ. ಗುರುತಿಲ್ಲದವರ ಜೊತೆ ಜಗಳ ತೆಗೆಯುವ ವಿದ್ಯೆ ಮಾತ್ರ ಪೂರ್ತಿ ಕೈಗೆ ಬಂದಿದೆ.

ಗಾಜನ್ನು ಸೆರಗಿನಿಂದ ಒರೆಸಿದೆ. ಎಣ್ಣೆ ಹೋಗಲಿಲ್ಲ, ಹರಡಿತು. ಇನ್ನಷ್ಟು ಒರೆಸಿದೆ, ಇನ್ನಷ್ಟು ಹರಡಿತು. ಮೊಮ್ಮಗಳು ಪಲ್ಲವಿ ನೋಡಿ ಹಣೆ ಬಡಿದುಕೊಂಡಳು.

“ಅಜ್ಜಿ, ಎಣ್ಣಿ ಕೈಲೆ ಮುಟ್ಟಬ್ಯಾಡಂದ್ರ ಯಾಕ ಕೇಳಂಗಿಲ್ಲ ನೀ? ಎಣ್ಣಿ ಇದ್ದಲ್ಲಿ ಯಾವುದೂ ಹಿಡಿಯಂಗಿಲ್ಲ.”

ಅಷ್ಟಂದು ಅವಳು ಚಪ್ಪಲಿ ಮೆಟ್ಟಿಕೊಂಡು ಹೋದಳು. ನಾನು ಫೋನನ್ನು ಮಡಿಲಲ್ಲಿಟ್ಟುಕೊಂಡು ಹಾಗೇ ಕೂತೆ. ಇದೇ ಮಾತನ್ನು ಚಿಕ್ಕವಳಿದ್ದಾಗ ಒಮ್ಮೆ ಕೇಳಿದ್ದೆ, ಹುಮನಾಬಾದಿನಿಂದ ಕಲ್ಯಾಣಿಗೆ ಬರುವ ಚಕ್ಕಡಿಯಲ್ಲಿ, ನಿದ್ದೆ ಬಂದವಳ ಹಾಗೆ ಕಣ್ಣು ಮುಚ್ಚಿಕೊಂಡು. ಹೇಳಿದವರು ಖಾಸಿಂ ಚಾಚಾ. ಈಗ ಕಡಲೆಹಿಟ್ಟು ಹಚ್ಚಿ ಕೈ ತೊಳೆದುಕೊಂಡು ಬಂದಿದ್ದೇನೆ. ಇನ್ನು ಮುಂದೆ ತಪ್ಪು ಬಂದರೆ ಅದು ಬೆರಳಿನದು, ನನ್ನದಲ್ಲ.

ಈಗ ನಮ್ಮೂರ ಬೋರ್ಡಿನ ಮೇಲೆ ಬಸವಕಲ್ಯಾಣ ಎಂದಿದೆ. ಆಗ ಬರೀ ಕಲ್ಯಾಣಿ. ನಿಜಾಮರ ರಾಜ್ಯ ಹೋಗಿ ಮೊದಲ ಯುಗಾದಿ ಬರುವುದರಲ್ಲಿತ್ತು. ಆ ವರ್ಷ ಎಲ್ಲರೂ ಬಣ್ಣ ಬದಲಿಸುತ್ತಿದ್ದರು. ಅಂಗಡಿಗಳ ಮೇಲಿನ ಅಕ್ಷರ ಬದಲಾಗುತ್ತಿತ್ತು, ತಲೆಯ ಮೇಲಿನ ಟೋಪಿ ಬದಲಾಗುತ್ತಿತ್ತು, ಮೊನ್ನೆ ಕುಂಪು ಟೋಪಿ ಹಾಕಿಕೊಂಡು ಸಲಾಂ ಹೊಡೆದವನು ಇವತ್ತು ಬಿಳಿ ಟೋಪಿ ಹಾಕಿಕೊಂಡು ಕೈ ಮುಗಿಯುತ್ತಿದ್ದ. (ಕುಂಪು ಅಲ್ಲ, ಕೆಂಪು. ಬೆರಳು.) ನನ್ನಪ್ಪ ಶರಣಪ್ಪ ಬಣ್ಣ ಬಳಿಯುವವನು. ಅಂಥ ವರ್ಷದಲ್ಲಿ ಅವನಿಗೆ ಕೈತುಂಬ ಕೆಲಸ ಇರಬೇಕಿತ್ತು ಎಂದುಕೊಳ್ಳುತ್ತೀರಿ. ಇರಲಿಲ್ಲ. ಅಪ್ಪನದು ಟಾಂಗಾ, ತೊಟ್ಟಿಲು, ಟ್ರಂಕುಗಳ ಕೆಲಸ, ಬ್ರಷ್ಷಿನ ಕೆಲಸ. ಒಣಗಿದ ಮೇಲೆ ಬ್ರಷ್ಷಿನ ಒಂದು ಗೆರೆ ಕಂಡರೂ ಅವತ್ತು ಉಣ್ಣುತ್ತಿರಲಿಲ್ಲ. ಗದ್ದಲದ ಮರುವರ್ಷ ಯಾರು ತೊಟ್ಟಿಲಿಗೆ ಬಣ್ಣ ಹಾಕಿಸುತ್ತಾರೆ?

ಗದ್ದಲ ಎಂದೆ. ನಮ್ಮ ಕಡೆ ಅದಕ್ಕೆ ಬೇರೆ ಹೆಸರಿಲ್ಲ. ಮೊದಲು ರಜಾಕಾರರಿಗೆ ಹೆದರಿ ನಾವು ಅಡಗಿದೆವು. ಆಮೇಲೆ ಮಿಲಿಟರಿ ಬಂತು, ರಾಜ್ಯ ಬದಲಾಯಿತು, ನಮ್ಮವರಿಗೆ ಹೆದರಿ ಪಕ್ಕದ ಮನೆಯವರು ಅಡಗಿದರು. ಪಕ್ಕದ ಮನೆ ಖಾಸಿಂ ಚಾಚಾನದು. ಚಾಚಾ ಆಗಿನ್ನೂ ಹೈದರಾಬಾದಿನಲ್ಲಿ ಒಬ್ಬ ನವಾಬರ ಮೋಟಾರುಖಾನೆಯಲ್ಲಿ ಬಣ್ಣದ ಕೆಲಸಕ್ಕಿದ್ದರು. ಇಲ್ಲಿ ಚಾಚಿ ಮತ್ತು ಅವರ ಮಗಳು ಜೊಹರಾ, ಇಬ್ಬರೇ. ಜೊಹರಾ ನನ್ನ ಓರಗೆಯವಳು. ನನ್ನ ಆಯಿ, ಅಂದರೆ ಅಪ್ಪನ ಅವ್ವ, ಅವರಿಬ್ಬರನ್ನೂ ಜೋಳದ ಕೋಣೆಯೊಳಗೆ ಚೀಲಗಳ ಹಿಂದೆ ಕೂರಿಸಿ, ಬಾಗಿಲಿಗೆ ಬೇವಿನ ತಪ್ಪಲು ಕಟ್ಟಿ, ಹೊಸ್ತಿಲ ಮೇಲೆ ತಾನೇ ಕೂತಳು. ಕೊಡಲಿ ಹಿಡಿದವರು ಬಂದಾಗ ಏಳಲಿಲ್ಲ.

“ಒಳಗ ಮೊಮ್ಮಗಳಿಗಿ ಅಮ್ಮ ಬಂದಾಳ್ರೆಪ್ಪಾ. ಮೈ ತುಂಬ ಸಿಡುಬು. ಬರೂದಿದ್ರ ಬರ್ರಿ, ಆಕಿ ನಿಮ್ಮ ಮನಿಗೂ ಬರ್ತಾಳ.”

ಕೊಡಲಿಗೆ ಹೆದರದವರು ಸಿಡುಬಿಗೆ ಹೆದರುತ್ತಾರೆ. ಹೋದರು. ಒಳಗೆ ಕೂತಿದ್ದ ಜೊಹರಾಳಿಗೆ ಜೋಳದ ಧೂಳಿಗೆ ಸೀನು ಬಂದಿತ್ತಂತೆ, ಚಾಚಿ ಮೂಗು ಹಿಡಿದುಕೊಂಡಿದ್ದರಂತೆ. ಆಮೇಲೆ ಎಷ್ಟೋ ದಿನ ಜೊಹರಾ ಮೂಗು ತೋರಿಸಿ, “ಇದು ಇನ್ನೂ ಉದ್ದ ಇತ್ತು, ಅಮ್ಮಿ ಹಿಚುಕಿ ಚಪ್ಪಟಿ ಮಾಡ್ಯಾಳ” ಎನ್ನುತ್ತಿದ್ದಳು.

ಆಯಿಗೆ ಮಾತ್ರ ನಗು ಬರುತ್ತಿರಲಿಲ್ಲ. “ಆಕಿ ಹೆಸರಲೆ ಸುಳ್ಳು ಹೇಳೀನಿ. ಆಕಿ ಮರೆಯಾಕಿ ಅಲ್ಲ” ಎಂದು ಬೇವಿನ ಗಿಡ ಕಂಡಾಗಲೆಲ್ಲ ಕೆನ್ನೆ ಕೆನ್ನೆ ಬಡಿದುಕೊಳ್ಳುತ್ತಿದ್ದಳು.

ನವಾಬರ ಮೋಟಾರುಗಳು ನಿಂತಲ್ಲೇ ನಿಂತ ಮೇಲೆ ಚಾಚಾ ಊರಿಗೆ ಮರಳಿದರು. ಜೊತೆಗೆ ತಂದದ್ದು ಒಂದು ಕಬ್ಬಿಣದ ಹವಾ ಟಾಕಿ, ಅದಕ್ಕೊಂದು ಕೈಪಂಪು, ಮತ್ತೆ ಬಣ್ಣ ಸಿಡಿಸುವ ಸ್ಪ್ರೇ ಗನ್ನು. ಅಂಥ ದಿನಗಳಲ್ಲಿ ಅವರ ಮನೆಯೊಳಗಿರುವ ವಸ್ತುವನ್ನು ‘ಗನ್’ ಎಂದು ಓಣಿಯಲ್ಲಿ ಕೂಗಬಾರದು ಎಂದು ಅಪ್ಪ ಕಟ್ಟಪ್ಪಣೆ ಮಾಡಿದ. ಹಾಗಾಗಿ ಅದು ನಮ್ಮೆಲ್ಲರ ಬಾಯಲ್ಲಿ ಪಿಚಕಾರಿಯಾಯಿತು. ಅಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಏನ್ ಖಾಸಿಂ, ಮದುವ್ಯಾಗ ಪನ್ನೀರು ಚಿಮುಕಸೂ ಗುಲಾಬದಾನಿ ಇದ್ದಂಗ ಅದ. ಇದರಾಗ ಬಣ್ಣ ಹ್ಯಾಂಗ ಕೂಡ್ತದ?” ಎಂದ.

“ಕೂಡಂಗಿಲ್ಲ ಶರಣಪ್ಪಾ, ಇಳೀತದ. ಮಂಜು ಇಳದಂಗ.”

ಅಪ್ಪನಿಗೆ ಅವತ್ತು ಊಟ ಸೇರಲಿಲ್ಲ. ಗೆರೆಯೇ ಬೀಳದ ಬ್ರಷ್ಷು ಜಗತ್ತಿನಲ್ಲಿದೆ ಎಂದು ಗೊತ್ತಾದ ದಿನ ಅದು.

ಚಾಚಿಗೆ ಊರಲ್ಲಿ ನಿದ್ದೆ ಬರುತ್ತಿರಲಿಲ್ಲ. ಬಾಗಿಲು ಸದ್ದಾದರೆ ಎದ್ದು ಕೂರುತ್ತಿದ್ದರು. ಹೈದರಾಬಾದಿನಲ್ಲಿ ತಮ್ಮನಿದ್ದಾನೆ, ಅಲ್ಲಿಗೇ ಹೋಗೋಣ ಎಂದು ದಿನಾ ಹೇಳುತ್ತಿದ್ದರು. ಚಾಚಾನಿಗೆ ಹುಟ್ಟಿದೂರು ಬಿಡುವ ಮನಸ್ಸಿಲ್ಲ. ಆ ಹೊತ್ತಿಗೆ ಹುಮನಾಬಾದಿನ ಮಾಣಿಕಪ್ಪ ಸಾವಕಾರರ ಮೋಟಾರು ಬಂತು.

ಸಾವಕಾರರು ಧಾನ್ಯದ ಅಡತಿಯವರು. ಊರು ಬಿಟ್ಟುಹೋದ ಒಬ್ಬ ಜಹಗೀರದಾರನ ಮೋಟಾರು ಅವರಿಗೆ ಬಂದಿತ್ತು, ಹಳದಿ ಬಣ್ಣದ್ದು. ಹಳದಿ ನಿಜಾಮರ ಬಾವುಟದ ಬಣ್ಣ, ಅಂಥ ಮೋಟಾರಿನಲ್ಲಿ ಹೋದರೆ ಹೊಸ ಅಧಿಕಾರಿಗಳು ಹಳೆಯ ಸರ್ಕಾರದವನು ಎಂದುಕೊಂಡಾರು ಎಂಬ ಹೆದರಿಕೆ ಅವರಿಗೆ. ಕಪ್ಪು ಮಾಡಿಸಬೇಕು. ಹುಮನಾಬಾದಿನ ಗಂಜಿನಲ್ಲಿ, ಅಂದರೆ ಧಾನ್ಯದ ಪೇಟೆಯಲ್ಲಿ, ಎಲ್ಲಿ ನೋಡಿದರೂ ಹೊಟ್ಟು ಹಾರುತ್ತದೆ, ಹಸಿ ಬಣ್ಣಕ್ಕೆ ಅಂಟುತ್ತದೆ ಎಂದು ಮೋಟಾರನ್ನು ಕಲ್ಯಾಣಿಗೆ ತಂದು ನಮ್ಮ ದನದ ಮನೆಯಲ್ಲಿ ನಿಲ್ಲಿಸಿದರು. ಗದ್ದಲದಲ್ಲಿ ನಮ್ಮ ಎತ್ತು ಹೋಗಿದ್ದವು, ಜಾಗ ಖಾಲಿ ಇತ್ತು. ಎತ್ತಿಗಿಟ್ಟಿದ್ದ ಕಣಿಕೆಯನ್ನು ಜೊಹರಾ ಮೋಟಾರಿನ ಮುಂದೆ ಹಾಕಿ, “ತಿನ್ನವಲ್ದು, ಹೊಸ ಜಾಗ ನೋಡು” ಎಂದಳು.

ಸಾವಕಾರರು ಬಾನೆಟ್ಟಿನ ಮೇಲೆ ಕೈಯಿಟ್ಟು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಅವರಿಗೆ ಚಿಕ್ಕಂದಿನಲ್ಲಿ ಸಿಡುಬು ಬಂದು ಮುಖದ ತುಂಬ ಗುಳಿ ಉಳಿದಿದ್ದವು. ಆ ಗುಳಿಗಳ ಮಧ್ಯೆ ಭಾರಿ ಮೀಸೆ.

“ನೋಡ್ ಖಾಸಿಂಸಾಬ, ಇಲ್ಲಿ ನಾ ಬಗ್ಗಿ ನೋಡಿದ್ರ ನನ್ನ ಮೀಸಿ ಕೂದಲಾ ಕೂದಲಾ ಕಾಣಬೇಕು. ಕಂಡ್ರ, ನಿಮ್ಮೂರ ಸಮೀಪ ಸಡಕಿನ ಬಾಜು ನನ್ನ ಗೋದಾಮು ಖಾಲಿ ಬಿದ್ದಾದಲ್ಲ, ಅದು ನಿಮಗ ಇಬ್ಬರಿಗೂ. ಪುಣೆ ಹೈದರಾಬಾದ ಲಾರಿ ಎಲ್ಲಾ ಅಲ್ಲೇ ಹಾಯ್ತಾವ. ಕೆಲಸಕ್ಕ ಕಮ್ಮಿ ಇಲ್ಲ. ಯುಗಾದಿಗಿ ಗಾಡಿ ಬೇಕು.”

“ಕಾಣಲಿಲ್ಲಂದ್ರ?” ಎಂದ ಅಪ್ಪ.

“ಕಾಣಲಿಲ್ಲಂದ್ರ ನೀ ತೊಟ್ಟಿಲಾ ಬಳಕೋತ ಇರು.”

ಅವತ್ತು ಸಂಜೆ ಚಾಚಿ ನಮ್ಮ ಅಡುಗೆಮನೆ ಹೊಸ್ತಿಲಲ್ಲಿ ಕೂತು ಆಯಿಗೆ ಹೇಳಿದರು: “ಗೋದಾಮು ಸಿಕ್ಕರ ಇರ್ತೀನಿ, ಆಯಿ. ಸಡಕಿನ ಮ್ಯಾಲ ಮಂದಿ ಇರ್ತಾರ, ದೀಪ ಇರ್ತಾವ. ಸಿಗಲಿಲ್ಲಂದ್ರ ಯುಗಾದಿ ಮರದಿನಾ ಹೋಗೂದೇ. ಅವರೂ ಒಪ್ಯಾರ.”

ಆಯಿ ರೊಟ್ಟಿ ಬಡಿಯುವ ಕೈ ನಿಲ್ಲಿಸಲಿಲ್ಲ. “ಸಿಗ್ತದ ಬಿಡ ತಾಯಿ” ಎಂದಳು. ಬಾಗಿಲ ಹಿಂದೆ ನಾನೂ ಜೊಹರಾಳೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡಿದ್ದೆವು. ಅವಳ ಉಗುರು ನನ್ನ ಅಂಗೈಯಲ್ಲಿ ಊರಿತ್ತು. ಊರು ಬಿಡುವುದು ಅಂದರೆ ಏನು ಎಂದು ನನಗಿಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಕೆಲಸ ಶುರುವಾಯಿತು. ಮೊದಲು ಹಳದಿ ಬಣ್ಣವನ್ನು ನೀರು ಹಾಕಿ ಹಾಕಿ ಪಾಲೀಸು ಕಾಗದದಿಂದ ತಿಕ್ಕಿದರು. ತಗ್ಗಿದ್ದಲ್ಲಿ ಲಾಂಬಿ ಎಂಬ ಮೆತ್ತು ತುಂಬಿ, ಒಣಗಿಸಿ, ಮತ್ತೆ ತಿಕ್ಕಿದರು. ಚಾಚಾ ಕಣ್ಣು ಮುಚ್ಚಿಕೊಂಡು ಅಂಗೈ ಆಡಿಸಿ ನೋಡುತ್ತಿದ್ದರು. “ಕಣ್ಣು ಮೋಸ ಮಾಡ್ತದ, ಅಂಗೈ ಮಾಡಂಗಿಲ್ಲ” ಎನ್ನುತ್ತಿದ್ದರು. ಬಣ್ಣವನ್ನು ಚಾಚಿಯ ಹಳೆಯ ಓಢಣಿಯಲ್ಲಿ ಸೋಸಿ, ಅದನ್ನು ತೆಳು ಮಾಡುವ ಥಿನ್ನರು ಬೆರೆಸಿದಾಗ ಇಡೀ ಓಣಿಗೆ ಬಾಳೆಹಣ್ಣಿನ ವಾಸನೆ ಹರಡಿತು. ಖರೇ ಬಾಳೆಹಣ್ಣೇ! ಎದುರುಮನೆ ಮುದುಕ ಕೋಲೂರಿಕೊಂಡು ಬಂದು, “ಶರಣಪ್ಪಾ, ಗೊನಿ ತಂದು ಒಬ್ಬನೇ ತಿನ್ನಾಕತ್ತಿ ಅಲ್ಲೋ, ಹೊಟ್ಟಿ ನೋಯ್ತದ” ಎಂದು ಬಾಗಿಲಲ್ಲಿ ಕೂತೇಬಿಟ್ಟ. ಬಣ್ಣ ಎಂದರೂ ನಂಬಲಿಲ್ಲ.

ಬೆಳಿಗ್ಗೆ ಗಾಳಿ ಏಳುವ ಮೊದಲೇ ಬಣ್ಣ ಹೊಡೆಯಬೇಕು. ಹಿಂದಿನ ಸಂಜೆ ಚಾಚಾ ಇಡೀ ಮೋಟಾರನ್ನು ಪೆಟ್ರೋಲಿನಲ್ಲಿ ಒರೆಸಿ, ಜಿಡ್ಡೆಲ್ಲ ತೆಗೆದು, ಬಾಗಿಲು ಹಾಕಿಕೊಂಡು ಹೋಗುತ್ತಿದ್ದರು. ಬೆಳಿಗ್ಗೆ ಬಂದು ನೆಲಕ್ಕೆ ನೀರು ಚಿಮುಕಿಸಿ, ಒಣ ಬಟ್ಟೆಯಲ್ಲಿ ಧೂಳು ತಟ್ಟಿ, ಪಿಚಕಾರಿ ಹಿಡಿದರೆ ಅದೊಂದು ನೋಟ. ಮೋಟಾರಿನಿಂದ ಒಂದು ಗೇಣಿನ ಮೇಲೆ ಸ್ವಲ್ಪ ದೂರ. ಹತ್ತಿರ ಬಂದರೆ ಬಣ್ಣ ಅತ್ತುಬಿಡುತ್ತದೆ, ಸಾಲಾಗಿ ಇಳಿಯುತ್ತದೆ. ದೂರ ಹೋದರೆ ದಾರಿಯಲ್ಲೇ ಒಣಗಿ ಮೋಸಂಬಿ ಸಿಪ್ಪೆಯ ಹಾಗೆ ಕೂರುತ್ತದೆ. ಕೈ ಬಾಗಬಾರದು, ನಿಲ್ಲಬಾರದು. ತುದಿ ಬಂದಾಗ ಪಿಚಕಾರಿಯ ಕುದುರೆ ಒತ್ತಿದ ಬೆರಳು ಬಿಟ್ಟು, ಮೊದಲಿನ ಪಟ್ಟೆಯ ಅರ್ಧದ ಮೇಲೆ ಇನ್ನೊಂದು ಪಟ್ಟೆ. ಅಪ್ಪ ಬಗ್ಗಿ ಬಗ್ಗಿ ಹವಾ ಪಂಪು ಹೊಡೆಯುತ್ತ, ಮೈಯೆಲ್ಲ ಬೆವರಾಗಿ, ಆದರೂ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. “ಕೂರಿಗಿ ಸಾಲು ಹೊಡದಂಗ ಹೊಡೀತಾನ ನೋಡ್ ಮಗಾ” ಎಂದು ಎದುರುಮನೆ ಮುದುಕನಿಗೆ ಹೇಳುತ್ತಿದ್ದ.

ಬಾಗಿಲು ಬಂತು. ಹಿಂಭಾಗ ಬಂತು. ಕಪ್ಪು ಅಂದರೆ ಬಾವಿಯ ನೀರಿನಂಥ ಕಪ್ಪು. ನಾನೂ ಜೊಹರಾಳೂ ಅದರಲ್ಲಿ ಹಲ್ಲು ಕಿಸಿದು ನೋಡಿಕೊಂಡೆವು. ಕೊನೆಗೆ ಬಾನೆಟ್ಟು. ಮಂಜು ಇಳಿದ ಹಾಗೆ ಇಳಿಯಿತು, ಹೊಳೆಯಿತು. ನೋಡ ನೋಡುತ್ತ ಹಸಿ ಬಣ್ಣ ಅಲ್ಲಲ್ಲಿ ಹಿಂದೆ ಸರಿಯಿತು. ಯಾರೋ ಒಳಗಿನಿಂದ ಬಾಯಿ ತೆರೆದ ಹಾಗೆ ಸಣ್ಣ ಸಣ್ಣ ಗುಳಿ. ಒಂದರ ಪಕ್ಕ ಇನ್ನೊಂದು, ಬಾನೆಟ್ಟಿನ ತುಂಬ.

ಪಂಪಿನ ಸದ್ದು ನಿಂತಿತು. ಬಾಗಿಲಲ್ಲಿ ನಿಂತಿದ್ದ ಆಯಿ ಎರಡೂ ಕೈ ಬಾಯಿಗೆ ಒತ್ತಿಕೊಂಡಳು.

“ಅಮ್ಮ ಬಂದಾಳ” ಎಂದಳು. “ಬಂದೇಬಿಟ್ಲು.”

ಚಾಚಾನಿಗೆ ಮೊದಲು ಸಂಶಯ ಬಂದದ್ದು ಯಂತ್ರದ ಮೇಲೆ. ಬಾನೆಟ್ಟಿನ ಕೆಳಗೇ ಇಂಜಿನು, ಅದರ ಎಣ್ಣೆ ಸಂದಿಯಿಂದ ಮೇಲೆ ಬಂದಿರಬೇಕು. ಗುಳಿ ಬಿದ್ದ ಬಣ್ಣವನ್ನೆಲ್ಲ ತಿಕ್ಕಿ ತೆಗೆದು, ಸಂದುಗಳಿಗೆ ಅರಿವೆ ತುರುಕಿ, ಸಂಜೆ ಎರಡೆರಡು ಸಲ ಪೆಟ್ರೋಲಿನಲ್ಲಿ ಒರೆಸಿದರು. ಬೆಳಿಗ್ಗೆ ಹೊಡೆದರೆ ಮತ್ತೆ ಗುಳಿ, ಮೊದಲಿಗಿಂತ ಜಾಸ್ತಿ. ಟಾಕಿಯಲ್ಲಿ ನೀರು ಕೂತಿರಬೇಕೆಂದು ಅದನ್ನು ಬಿಚ್ಚಿ ಬಿಸಿಲಿಗಿಟ್ಟರು. ಮತ್ತೆ ಗುಳಿ. ಅಪ್ಪ ಪಂಪಿನ ಕೈ ನೆಕ್ಕಿ ನೋಡುವುದೊಂದು ಬಾಕಿ ಇತ್ತು. ಡಬ್ಬಿಯೊಳಗಿನ ಬಣ್ಣ ಕೆಳಗೆ ಹೋಗುತ್ತಿತ್ತು, ಯುಗಾದಿ ಹತ್ತಿರ ಬರುತ್ತಿತ್ತು. ಚಾಚಿ ತಾಮ್ರದ ಪಾತ್ರೆಗಳನ್ನು ಬೆಳಗಿ ಚೀಲಕ್ಕೆ ಹಾಕತೊಡಗಿದರು. ನಾನೂ ಜೊಹರಾಳೂ ಒಂದು ಉಪಾಯ ಹೂಡಿದೆವು: ಹೋಗುವ ದಿನ ಅವಳು ಜೋಳದ ಕೋಣೆಯಲ್ಲಿ ಅಡಗಿಕೊಳ್ಳುವುದು, ನಾನು ಬೇವಿನ ತಪ್ಪಲು ಕಟ್ಟುವುದು. ಸೀನು ಬಂದರೆ ಏನು ಮಾಡುವುದು ಎಂಬಲ್ಲಿಗೆ ಉಪಾಯ ನಿಂತಿತು. “ಮೂಗು ನೀ ಹಿಡೀತೀ?” ಎಂದಳು. “ಹಿಡೀತೀನಿ” ಎಂದೆ. “ನೀ ಜೋರ ಹಿಡೀತಿ, ಬ್ಯಾಡ” ಎಂದಳು.

ಇತ್ತ ನಮ್ಮ ಆಯಿ ತನ್ನ ಕೆಲಸ ತಾನು ಮಾಡುತ್ತಿದ್ದಳು. ಅದನ್ನು ಹೇಳದಿದ್ದರೆ ಈ ಕಥೆಯೇ ಇಲ್ಲ. ಆಯಿ ದೃಷ್ಟಿ ತೆಗೆಯದ ವಸ್ತು ನಮ್ಮ ಮನೆಯಲ್ಲಿರಲಿಲ್ಲ. ಕರು, ಕಡಗೋಲು, ಹೊಸ ಕಸಬರಿಗೆ, ಕುಂಬಳ ಬಳ್ಳಿ. ಹಾಗಿರುವಾಗ ಊರೆಲ್ಲ ಬಂದು ಬಾಯಿ ಬಿಟ್ಟು ನೋಡಿಹೋಗುವ ಮೋಟಾರನ್ನು ಬಿಡುತ್ತಾಳೆಯೇ? ಗಂಡಸರು ಮನೆಗೆ ಹೋದ ಮೇಲೆ, ದೀಪ ಹಚ್ಚುವ ಹೊತ್ತಿಗೆ, ಎಣ್ಣೆಯಲ್ಲಿ ಅದ್ದಿದ ಬಟ್ಟೆಯ ಬತ್ತಿ ಹೊತ್ತಿಸಿ ಮೋಟಾರಿನ ಸುತ್ತ ಇಳಿಸಿ ನೀರಿನ ತಾಟಿನ ಮೇಲೆ ಹಿಡಿಯುತ್ತಿದ್ದಳು. ಉರಿಯುವ ಹನಿ ನೀರಿಗೆ ಬಿದ್ದು ಸುರ್ ಎಂದರೆ, “ಕೇಳ್ದ್ರ್ಯಾ? ಎಷ್ಟ್ ಕಣ್ಣು ಬಿದ್ದಾವ ನೋಡ್ರಿ!” ಎನ್ನುತ್ತಿದ್ದಳು. ಆಮೇಲೆ ಔಡಲೆಣ್ಣೆಯಲ್ಲಿ ಕಲಸಿದ ದೀಪದ ಕಾಡಿಗೆಯಿಂದ ಬಾನೆಟ್ಟಿನ ಮೇಲೊಂದು ದೃಷ್ಟಿಬೊಟ್ಟು, ಕೂಸಿನ ಕೆನ್ನೆಗೆ ಇಟ್ಟ ಹಾಗೆ.

ಬೆಳಕು ಹರಿಯುವಾಗ ಎದ್ದು ಹೋಗಿ ಅದನ್ನು ಸೆರಗಿನಿಂದ ಒರೆಸಿಬಿಡುತ್ತಿದ್ದಳು. ಯಾಕೆಂದರೆ ಆಯಿ ಗಂಡ ಸತ್ತವಳು. ಹೊಸ ಗಾಡಿಗೆ, ಅದೂ ಯುಗಾದಿಯ ಗಾಡಿಗೆ, ಅಂಥವಳು ಬೊಟ್ಟಿಟ್ಟಳೆಂದು ಗೊತ್ತಾದರೆ ಸಾವಕಾರರು ಗಾಡಿಯ ನೆರಳಿಗೂ ನಿಲ್ಲುತ್ತಿರಲಿಲ್ಲ, ಊರು ಅವಳ ಮುಖ ನೋಡುತ್ತಿರಲಿಲ್ಲ. ಹಾಗಾಗಿ ಒಂದು ಚುಕ್ಕೆ ಉಳಿಯದಂತೆ, ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ, ಬಾನೆಟ್ಟನ್ನೆಲ್ಲ ಉಜ್ಜಿ ಒರೆಸುತ್ತಿದ್ದಳು. ಕಪ್ಪು ಸೆರಗಿಗೆ ಬರುತ್ತಿತ್ತು. ಎಣ್ಣೆ ಅಲ್ಲೇ ಉಳಿಯುತ್ತಿತ್ತು. ಗುಳಿ ಹೆಚ್ಚಾದಷ್ಟೂ ಆಯಿ ಬತ್ತಿ ದಪ್ಪ ಮಾಡಿದಳು, ಬೊಟ್ಟು ದೊಡ್ಡದು ಮಾಡಿದಳು. ಕರುವಿಗೂ ಕುಂಬಳ ಬಳ್ಳಿಗೂ ಮಾಡುವುದೇ ಅದಾದ್ದರಿಂದ ಮನೆಯಲ್ಲಿ ಯಾರೂ ಅದನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ.

“ನನ್ನ ಸುಳ್ಳು ನನಗಿರಲಿ, ತಾಯಿ. ಈ ಹುಡುಗಿ ನೆಲಿ ತಪ್ಪಸಬ್ಯಾಡ” ಎಂದು ಅವಳು ಮೋಟಾರಿನ ಮುಂದೆ ನಿಂತು ಅಂದದ್ದನ್ನು ನಾನು ಕೇಳಿದ್ದೇನೆ. ಆ ಹುಡುಗಿ ಜೊಹರಾ.

ಕೊನೆಯ ಸಲ ಬಣ್ಣ ಹೊಡೆದ ಬೆಳಿಗ್ಗೆ ಡಬ್ಬಿಯ ತಳ ಕಾಣುತ್ತಿತ್ತು. ಚಾಚಾ ಬಿಸ್ಮಿಲ್ಲಾ ಎಂದರು, ಅಪ್ಪ ಹಣೆಗೆ ವಿಭೂತಿ ಹಚ್ಚಿಕೊಂಡು ಪಂಪು ಹಿಡಿದ. ಬಾನೆಟ್ಟಿನ ಎಡಗಡೆಗೆ ಹೊಡೆಯುತ್ತಿದ್ದಂತೆಯೇ ಗುಳಿ ಬಾಯಿ ತೆರೆದವು. ಚಾಚಾ ಪಿಚಕಾರಿ ಕೆಳಗಿಟ್ಟರು. ಇನ್ನೂ ಬಣ್ಣ ಬೀಳದ ಬಲಗಡೆಗೆ ಬೆರಳಾಡಿಸಿದರು. ಬೆರಳನ್ನು ಹೆಬ್ಬೆರಳಿಗೆ ತಿಕ್ಕಿದರು, ಮೂಗಿನ ಹತ್ತಿರ ಹಿಡಿದರು. ಔಡಲೆಣ್ಣೆಯ ವಾಸನೆ ಬಾಳೆಹಣ್ಣಿನ ನಡುವೆಯೂ ಮುಚ್ಚಿಡಲಾಗುವಂಥದ್ದಲ್ಲ. ತಲೆಯೆತ್ತಿದರು. ಬಾಗಿಲಲ್ಲಿ ಆಯಿ ನಿಂತಿದ್ದಳು, ಕೈ ಮುಗಿದುಕೊಂಡು, ಕಣ್ಣು ಮುಚ್ಚಿಕೊಂಡು. ಅವಳ ಬಿಳಿ ಸೆರಗಿನ ತುದಿ ಕಪ್ಪಗಿತ್ತು.

“ಏನಾತು?” ಎಂದ ಅಪ್ಪ, ಪಂಪಿನಿಂದ ತಲೆ ಎತ್ತದೆ.

“ಏನಿಲ್ಲ. ಹೊಡಿ ಹವಾ.”

ಒರೆಸಲು ನಿಂತರೆ ಯಾಕೆಂದು ಹೇಳಬೇಕಾಗುತ್ತಿತ್ತು. ಉಳಿದಿದ್ದಷ್ಟು ಬಣ್ಣವನ್ನು ಚಾಚಾ ಬಲಗಡೆಗೂ ಹೊಡೆದು ಮುಗಿಸಿದರು. ಕೈ ಅಷ್ಟೇ ನೇರ, ಪಟ್ಟೆಯ ಮೇಲೆ ಪಟ್ಟೆ ಅಷ್ಟೇ ಸಮ. ಗುಳಿಯೂ ಸಮವಾಗಿ ಬಿದ್ದವು.

ಯುಗಾದಿಯ ಹಿಂದಿನ ದಿನ ಸಾವಕಾರರ ಡ್ರೈವರ್ ಬಂದು ಮೋಟಾರನ್ನು ಹುಮನಾಬಾದಿಗೆ ಒಯ್ದ. ಚಾಚಾ, ಅಪ್ಪ ಅದರಲ್ಲೇ ಹೊರಟರು. ನಾವಿಬ್ಬರೂ ಅತ್ತು ಕರೆದು ಹತ್ತಿಕೊಂಡೆವು. ನಾನು ಮೋಟಾರಿನಲ್ಲಿ ಕೂತದ್ದು ಅದೇ ಮೊದಲು. ದಾರಿಯುದ್ದಕ್ಕೂ ಮರಗಳು ಹಿಂದಕ್ಕೆ ಓಡುತ್ತಿದ್ದವು, ಎಷ್ಟು ಖುಷಿಯಾಗಿತ್ತೆಂದರೆ ಯಾಕೆ ಹೋಗುತ್ತಿದ್ದೇವೆ ಎಂಬುದೇ ಮರೆತುಹೋಗಿತ್ತು. ಜೊಹರಾ ಮರೆತಿರಲಿಲ್ಲ. ಅವಳು ತನ್ನ ಅಪ್ಪನ ಬೆನ್ನನ್ನೇ ನೋಡುತ್ತಿದ್ದಳು.

ಅಡತಿ ಅಂಗಡಿಯ ಮುಂದೆ ಮಂದಿ ಸೇರಿದರು. ಹಮಾಲರು ಚೀಲ ಇಳಿಸಿ ನಿಂತರು. ಸಾವಕಾರರು ಒಂದು ಸುತ್ತು ಬಂದು, “ವಾಹ್” ಎಂದರು, ಬಾಗಿಲಿಗೆ. “ವಾಹ್” ಎಂದರು, ಹಿಂಭಾಗಕ್ಕೆ. ಆಮೇಲೆ ಬಾನೆಟ್ಟಿನ ಮುಂದೆ ಬಂದು, ರುಮಾಲು ಸರಿಮಾಡಿಕೊಂಡು, ಮೀಸೆಗೆ ಕೈ ಹಾಕಿ ಬಗ್ಗಿದರು.

ಬಗ್ಗಿದವರು ಬಗ್ಗಿಯೇ ಉಳಿದರು. ಹಮಾಲನೊಬ್ಬ ಕಿಸಕ್ಕನೆ ನಕ್ಕ.

“ನನ್ನ ಮುಖದ ಮ್ಯಾಲಿನ ಗುಳಿ ಸಾಲಲಿಲ್ಲಂತ ಗಾಡಿಗೂ ಇಟ್ಟೀರೇನೋ?”

ಈಗ ಇಡೀ ಗಂಜೇ ನಕ್ಕಿತು. ಸಾವಕಾರರು ನಗಲಿಲ್ಲ. ಆದರೆ ಅವರು ಕೆಟ್ಟವರೂ ಅಲ್ಲ, ಅದನ್ನು ಹೇಳಲೇಬೇಕು. ಬಾಗಿಲ ಮೇಲೆ ಇನ್ನೊಮ್ಮೆ ಕೈಯಾಡಿಸಿ ನೋಡಿದರು. ಮಂದಿಯನ್ನು ಗದರಿಸಿ ಸುಮ್ಮನಿರಿಸಿ, ಚಾಚಾನ ಹತ್ತಿರ ಬಂದರು.

“ಹಿಂದ ಕನ್ನಡಿ ಮಾಡೀದಿ, ಮುಂದ ಯಾಕ ಹಿಂಗಾತು? ಕಾರಣ ಹೇಳು. ಕಾರಣ ಗೊತ್ತಿದ್ದಂವಗ ಇನ್ನೊಂದ್ ಡಬ್ಬಿ ತರಿಸಿಕೊಡ್ತೀನಿ. ಗೋದಾಮೂ ಕೊಡ್ತೀನಿ. ಕಾರಣಾನೇ ಗೊತ್ತಿಲ್ಲದಂವನ ಕೈಯಾಗ ನಾ ಇನ್ನೊಂದ್ ಸಲ ಗಾಡಿ ಕೊಡಾಂವ ಅಲ್ಲ.”

ಚಾಚಾನ ಬಲಗೈ ಬೆರಳು ಹೆಬ್ಬೆರಳಿಗೆ ಸಣ್ಣಗೆ ತಿಕ್ಕುತ್ತಿತ್ತು. ಅಪ್ಪ, “ಹೇಳೋ ಖಾಸಿಂ, ಹವಾ ಟಾಕಿ ಹಳೇದಂತ ಹೇಳೋ” ಎಂದು ಪಿಸುಗುಟ್ಟಿದ.

“ಟಾಕಿ ಛಲೋ ಅದ. ಬಣ್ಣಾನೂ ಛಲೋ ಇತ್ತು” ಎಂದರು ಚಾಚಾ. “ನನ್ನ ಕೈ ತಪ್ಯಾದ ಸಾವಕಾರ್ರೆ. ಮೊದಲಿನ ಕೈ ಉಳದಿಲ್ಲ.”

“ಕೈ ಹೋದದ್ದು ಖರೇ ಇದ್ರ, ನಾ ಏನ್ ಮಾಡಲಿ?” ಎಂದರು ಸಾವಕಾರರು, ಸಿಟ್ಟಿನಿಂದಲ್ಲ. ಮೀಸೆಯಿಂದ ಕೈ ತೆಗೆದು ಒಳಗೆ ಹೋದರು.

ಬರುವಾಗ ಜೋಳ ಇಳಿಸಿ ಕಲ್ಯಾಣಿ ಕಡೆ ಮರಳುತ್ತಿದ್ದ ಒಂದು ಖಾಲಿ ಚಕ್ಕಡಿ ಸಿಕ್ಕಿತು. ಜೊಹರಾ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ನಾನು ಕಣ್ಣು ಮುಚ್ಚಿದೆ. ಬಹಳ ದೂರ ಬಂದ ಮೇಲೆ ಅಪ್ಪನ ತಡೆ ಒಡೆಯಿತು.

“ಕೈ ತಪ್ಯಾದಂತ ಯಾಕ ಅಂದಿ? ಬಾಗಲಾ ಹೊಡದ ಕೈ ಯಾರದು? ಇನ್ನ ಈ ಸಡಕಿನ ಮ್ಯಾಲ ನಿನಗ ಯಾರರೆ ಪಿಚಕಾರಿ ಹಿಡೀ ಅಂತಾರೇನು?”

“ಎಣ್ಣಿ ಇತ್ತು, ಶರಣಪ್ಪಾ. ಎಣ್ಣಿ ಇದ್ದಲ್ಲಿ ಬಣ್ಣ ಹಿಡಿಯಂಗಿಲ್ಲ.”

“ಇಂಜಿನ್ ಎಣ್ಣಿ?”

“ಔಡಲೆಣ್ಣಿ.”

ಅಪ್ಪ ಒಂದೇ ಮಾತು ಅಂದ. “ಅವ್ವ.”

“ಅವ್ವಗ ಹೇಳಬ್ಯಾಡ.”

“ಸಾವಕಾರಗ ಹೇಳಿದ್ರ ಇನ್ನೊಂದ್ ಸಲ ಕೊಡ್ತಿದ್ನಲ್ಲೋ...”

“ಗಂಜಿನಾಗ, ಅಷ್ಟ್ ಮಂದಿ ಮುಂದ? ಗಂಡ ಸತ್ತಾಕಿ ಸಾವಕಾರನ ಗಾಡಿಗಿ ಬೊಟ್ಟಿಟ್ಲು, ಗಾಡಿ ಹಾಳಾತು ಅಂತ ಸಂಜಿಯೊಳಗ ಕಲ್ಯಾಣಿ ತುಂಬ ಆಗ್ತಿತ್ತು. ನನ್ನ ಹೇಣ್ತಿ ಮಗಳಿನ ಉಳಿಸಿದ ಕೈ ಅದು, ಶರಣಪ್ಪಾ. ಆ ಕೈ ಹೆಸರು ಬಜಾರದಾಗ ನಾ ಹ್ಯಾಂಗ ತಗೀಲಿ?”

ಅಪ್ಪ ಮುಖ ಆ ಕಡೆ ತಿರುಗಿಸಿಕೊಂಡ. ನನ್ನ ತೊಡೆ ಒದ್ದೆಯಾಗಿತ್ತು. ಜೊಹರಾಳಿಗೂ ನಿದ್ದೆ ಬಂದಿರಲಿಲ್ಲ.

ಯುಗಾದಿಯ ಬೇವು ಬೆಲ್ಲವನ್ನು ಆಯಿ ಅವರ ಮನೆಗೂ ಕೊಟ್ಟು ಬಂದಳು. ಆ ವರ್ಷ ಬೆಲ್ಲ ಜಾಸ್ತಿಯೇ ಹಾಕಿದ್ದಳು. ಯಾರಿಗೂ ಸಿಹಿ ಹತ್ತಲಿಲ್ಲ. ಮರುದಿನ ಚಾಚಾ ತಾಮ್ರದ ಪಾತ್ರೆಯ ಚೀಲ, ಒಂದು ಟ್ರಂಕು ಹೊರಗಿಟ್ಟರು. ಟ್ರಂಕಿಗೆ ಅಪ್ಪ ಎಂದೋ ಬಳಿದ ಹಸಿರು ಬಣ್ಣ, ಗೆರೆಯೇ ಇಲ್ಲದ್ದು. ಹವಾ ಟಾಕಿ, ಪಿಚಕಾರಿಯನ್ನು ನಮ್ಮ ದನದ ಮನೆಯಲ್ಲೇ ಬಿಟ್ಟರು. “ನೀ ಇಟಗೋ, ಶರಣಪ್ಪಾ. ಕಲಿ.” ಅಪ್ಪ ಕಲಿಯಲಿಲ್ಲ. ಅದರ ಮೇಲೆ ಚೀಲ ಹೊದಿಸಿದ, ಅದು ಹಾಗೇ ತುಕ್ಕು ತಿಂದಿತು.

ಹೊರಡುವ ಹೊತ್ತಿಗೆ ಆಯಿ ತಾಟಿನಲ್ಲಿ ನೀರು, ಎಣ್ಣೆ ಬತ್ತಿ, ಕಾಡಿಗೆಯ ಬಟ್ಟಲು ಹಿಡಿದು ಹೊರಗೆ ಬಂದಳು. ಜೊಹರಾಳಿಗೆ ಇಳಿಸಿದಳು, ಕೆನ್ನೆಗೆ ಬೊಟ್ಟಿಟ್ಟಳು. ಚಾಚಿಗೆ ಇಳಿಸಿದಳು. ಜೊಹರಾ ಆ ಬಟ್ಟಲನ್ನೇ ನೋಡುತ್ತಿದ್ದಳು. ನಾನು ಅವಳನ್ನು ನೋಡಿದೆ. ಇಬ್ಬರೂ ಬಾಯಿ ಬಿಡಲಿಲ್ಲ. ಆಗ ಚಾಚಾ ತಲೆಯ ಟೋಪಿ ತೆಗೆದು, ಆಯಿಯ ಮುಂದೆ ಮೊಣಕಾಲೂರಿ ಕೂತರು.

“ಅವ್ವಾ, ನನಗೂ ಇಳಸು.”

“ಗಂಡಸರಿಗಿ ಬ್ಯಾಡೋ, ಹುಚ್ಚಾ.”

“ಇಳಸು. ಬೊಟ್ಟೂ ಇಡು. ದೊಡ್ಡದು ಇಡು.”

ಆಯಿ ಇಟ್ಟಳು. ಹನಿ ನೀರಿಗೆ ಬಿದ್ದು ಸುರ್ ಎಂದಿತು. “ಕೇಳ್ದಿ? ಎಷ್ಟ್ ಕಣ್ಣು!” ಎಂದಳು ಆಯಿ, ಅಳುತ್ತ. ಹುಮನಾಬಾದಿನ ಕಡೆಗೆ ಹೊರಟ ಚಕ್ಕಡಿಯಲ್ಲಿ ಹಣೆಯ ಮೇಲೆ ಕರಿ ಬೊಟ್ಟಿಟ್ಟುಕೊಂಡು ಹಿಂತಿರುಗಿ ಕೂತ ಚಾಚಾನ ಮುಖ, ಅದರ ಪಕ್ಕದಲ್ಲಿ ಮೂಗನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ನನಗೆ ತೋರಿಸುತ್ತಿದ್ದ ಜೊಹರಾ. ಅವಳನ್ನು ಕಂಡದ್ದು ಅದೇ ಕೊನೆ.

ಮೊನ್ನೆ ಪಲ್ಲವಿ ಫೋನಿನಲ್ಲಿ ಹುಡುಕುವುದು ಹೇಗೆಂದು ತೋರಿಸಿಕೊಟ್ಟಳು. ಅವಳು ಹೋದ ಮೇಲೆ ‘ಜೊಹರಾ’ ಎಂದು ಒತ್ತಿದೆ. ಬೇಕಾದಷ್ಟು ಜೊಹರಾಗಳು ಬಂದರು. ಎಲ್ಲರೂ ಚಿಕ್ಕವರು, ಎಲ್ಲರದೂ ನೆಟ್ಟನೆಯ ಮೂಗು.

ಆಯಿ ಬಹಳ ವರ್ಷ ಬದುಕಿದಳು. ಕಣ್ಣು ಹೋಗಿ, ಯಾರು ಬಂದರು ಯಾರು ಹೋದರು ತಿಳಿಯದಂತಾದ ಮೇಲೂ, ದೀಪ ಹಚ್ಚುವ ಹೊತ್ತಿಗೆ ನನ್ನ ಕೈ ಹಿಡಿದುಕೊಂಡು ಪಕ್ಕದ ಮನೆಯ ಕಡೆ ಮುಖ ಮಾಡುತ್ತಿದ್ದಳು. ಅವಳ ಅಂಗೈ ಸದಾ ಜಿಡ್ಡು ಜಿಡ್ಡು.

“ಇನ್ನೊಂದ್ ಸಲ ಇಳಸಬೇಕಾಗಿತ್ತವ್ವಾ ಆ ಗಾಡಿಗಿ” ಎನ್ನುತ್ತಿದ್ದಳು. “ನಾನೇ ಕಮ್ಮಿ ಮಾಡ್ದೆ. ಇನ್ನೊಂದ್ ಸಲ ಇಳಿಸಿದ್ರ ಅವರು ಹೋಗ್ತಿರಲಿಲ್ಲ.”

“ಹೌದು ಆಯಿ” ಎನ್ನುತ್ತಿದ್ದೆ.